ಅಜ್ಜಿ ಬೇಡವೆಂದ ಕರುಳಿನ ತಂತಿ

ಮೊಮ್ಮಗಳ ಹಳೆಯ ಡಬಲ್ ಬಾಸ್ ವಾದ್ಯಕ್ಕೆ ತಂತಿ ಆರಿಸಲು ಸವಳಂಗ ರಸ್ತೆಯ ಅಂಗಡಿಗೆ ಹೋದರೆ, ಕರುಳಿನ ತಂತಿಯ ಎಣ್ಣೆವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ಅಪ್ಪ ಕ್ಲಬ್ಬಿನ ಬಾಸ್ ತಂದು ನುಡಿಸುತ್ತಿದ್ದರು. ಆಳೆತ್ತರದ ಪಿಟೀಲು ಅನ್ನಿ. ತಂತಿ ಹರಿದಾಗ ಅಜ್ಜಿ ಹಟ ಹಿಡಿದರು: "ಆಡಿನ ಕರುಳು ದೇವರಿರೋ ಮನೆಗೆ ಬರಕೂಡದು."

ಅಪ್ಪ ಉಕ್ಕಿನ ತಂತಿ ಕಟ್ಟಿದರು.

"ಹಳೇ ಮರ, ಉಕ್ಕಿನ ಬಿಗಿ ತಡೆಯಲ್ಲ, ಕರುಳಿಂದೇ ಹಾಕು ಮಾರಾಯ," ಎಂದರು ಪಕ್ಕದ ಮನೆಯ ಬಡಗಿ ಸೆಲ್ವಂ ಮಾಮ.

"ಅಮ್ಮಂಗೆ ನೀನು ಹೇಳ್ತೀಯಾ?" ಎಂದ ಅಪ್ಪ ಬಿರಡೆ ತಿರುಗಿಸುತ್ತಲೇ ಹೋದರು. ಮರ ಕಿರುಗುಟ್ಟಿತು. ಬಾಸಿನ ಎದೆಹಲಗೆ ಪಟ್ಟೆಂದು ಸೀಳಿಹೋಯಿತು. ಕ್ಲಬ್ಬಿನವರು ಬಾಸ್ ಒಯ್ದರು, ಅಪ್ಪ ಮತ್ತೆಂದೂ ನುಡಿಸಲಿಲ್ಲ. ಅವರಿಗೆ ಬುದ್ಧಿಯಿತ್ತು, ಧೈರ್ಯವಿರಲಿಲ್ಲ.

"ಯಾವ್ದು ಕೊಡ್ಲಿ ಅಜ್ಜಿ?" ಎಂದು ನನ್ನನ್ನು ಕೇಳಿದ ಅಂಗಡಿಯವನು.

"ಕರುಳಿಂದೇ ಕೊಡಯ್ಯ. ದೇವರಿಗೆ ನಾನು ಹೇಳ್ಕೋತೀನಿ."