ಸೈಲೆನ್ಸರಿಗೆ ಸುತ್ತಿದ ಹುರಳಿ ಬಳ್ಳಿ
ಓಡಿಸಿ ಬಂದ ಕಾರಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಯಾರೇ ಹೇಳಲಿ, ಅಬ್ಬಿಗೇರಿ ರಸ್ತೆಯ ಗ್ಯಾರೇಜಿನ ಲಾಡಸಾಬ ಬಾನೆಟ್ ಎತ್ತುವ ಮೊದಲು ಗಾಡಿಯನ್ನು ಒಂದು ಸುತ್ತು ಮೂಸುತ್ತಾನೆ. ರಬ್ಬರು ಸುಟ್ಟಂತಿದ್ದರೆ ಬೆಲ್ಟು, ಕೂದಲು ಸುಟ್ಟಂತಿದ್ದರೆ ಕ್ಲಚ್ಚು. ಹುರಳಿ ಸುಗ್ಗಿಯಲ್ಲಿ ಮಾತ್ರ ಮೂಸುವುದೂ ಇಲ್ಲ. ಗಾಲಿ ಹಾಯ್ದು ಕಾಳು ಉದುರಲೆಂದು ರೈತರು ರಸ್ತೆಯ ಮೇಲೆ ಹರವಿದ ಬಳ್ಳಿ ಸೈಲೆನ್ಸರಿಗೆ ಸುತ್ತಿಕೊಂಡು ಕರಕಾಗಿರುತ್ತದೆ. ಕಾರಿನಡಿ ತೂರಿ ಅದನ್ನು ಇಕ್ಕಳದಿಂದ ಎಳೆದು, ಮಾಲೀಕರ ಮೂಗಿಗೇ ಹಿಡಿಯುತ್ತಾನೆ: “ಇಂಜಿನ್ ಚಲೋ ಐತ್ರಿ.” ಅವರು ರೈತರನ್ನು ಬೈದರೋ, ಅವನಿಗೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಒಬ್ಬರು ಹುರಳಿ ಹರವಿದವರ ಮೇಲೆ ಕಂಪ್ಲೇಂಟ್ ಕೊಡುತ್ತೇನೆಂದರು. “ಕೊಡ್ರಿ. ನನ್ನ ಹೆಸರ ಬರಸ್ರಿ,” ಎಂದ ಲಾಡಸಾಬ, ಇಕ್ಕಳ ಒರೆಸುತ್ತ. “ಆ ರಸ್ತಿ ಮಾಡುವಾಗ ನಮ್ಮಪ್ಪನ ಕಣ ಅದರ ಕೆಳಗ ಹೋತ್ರಿ. ನಾವು ಈಗೂ ರಾಶಿ ಮಾಡೂದು ಅಲ್ಲೇ.”