ಎಡಗಡೆಯ ಹಿಂದಿನ ಚಕ್ರ

ಬ್ರೇಕ್ ಹಾಕಿದರೆ ಅಣ್ಣನ ಕಾರು ಬಲಕ್ಕೆ ಎಳೆಯುತ್ತಿತ್ತು. ರಾಬರ್ಟ್‌ಸನ್‌ಪೇಟೆಗೂ ಬಂಗಾರಪೇಟೆ ರೈಲು ನಿಲ್ದಾಣಕ್ಕೂ ನಡುವೆ ಜನರನ್ನು ಕೂರಿಸಿಕೊಂಡು ಓಡುತ್ತಿದ್ದ ಬಾಡಿಗೆ ಕಾರು ಅದು. ದಾರಿಯಲ್ಲಿ ಒಂದು ಇಳಿಜಾರಿತ್ತು. ಅದರ ಬುಡದಲ್ಲಿ, ಬಲಗಡೆಗೆ, ಹೆಂಡದಂಗಡಿ. ಅಲ್ಲಿ ಬ್ರೇಕ್ ಒತ್ತಿದರೆ ಕಾರಿನ ಮೂತಿ ನೆಟ್ಟಗೆ ಅಂಗಡಿಯ ಬಾಗಿಲಿಗೆ ತಿರುಗುತ್ತಿತ್ತು.

ಕ್ಯಾಸಂಬಳ್ಳಿ ಕಡೆಯ ಸೊಪ್ಪಿನ ಹೆಂಗಸೊಬ್ಬಳು, ರಾಬರ್ಟ್‌ಸನ್‌ಪೇಟೆಯಲ್ಲಿ ಮಾರಿ ಮಿಕ್ಕಿದ್ದನ್ನು ಬಂಗಾರಪೇಟೆಗೆ ಒಯ್ಯುವವಳು, ಬುಟ್ಟಿಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂಗಿದ್ದಳು: "ಲೇ, ನಿನ್ ಕಾರು ಕುಡೀತೈತೇನ್ಲಾ? ಅಂಗ್ಡಿ ಕಂಡ್ರೆ ಸಾಕು, ಅತ್ಲಾಗೇ ನುಗ್ತೈತೆ!"

"ನಿಂಗೆ ಅಲ್ಲಿ ಇಳೀಬೇಕಾದ್ರೆ ಬಾಯ್ಬಿಟ್ಟು ಕೇಳಮ್ಮೋ, ನಿಲ್ಲಿಸ್ತೀನಿ. ಕಾರಿನ ಮೇಲ್ಯಾಕೆ ಆಕ್ತೀಯ?" ಎಂದು ಅಣ್ಣ ಉತ್ತರ ಕೊಟ್ಟಿದ್ದ. ಕಾರಿನಲ್ಲಿದ್ದವರೆಲ್ಲ ನಕ್ಕಿದ್ದರು.

ನಗು ಬ್ರೇಕ್ ಇನ್ಸ್‌ಪೆಕ್ಟರ್ ಬರುವ ತನಕ ನಡೆಯಿತು. ಬಾಡಿಗೆ ಗಾಡಿಗಳನ್ನು ಪರೀಕ್ಷಿಸುವ ಅಧಿಕಾರಿಯನ್ನು ಆ ಕಾಲದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಬಂಗಾರಪೇಟೆಯ ಪ್ರವಾಸಿ ಬಂಗಲೆಯ ಮುಂದೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಓಡಿಸಿ, ತಾವು ಕೈ ಬೀಸಿದಾಗ ಬ್ರೇಕ್ ಹಾಕಿಸುತ್ತಿದ್ದರು. ಅಣ್ಣನ ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು. ಅವರು ಮಣ್ಣಿನ ಮೇಲಿನ ಗುರುತನ್ನು ಬೆತ್ತದಿಂದ ತೋರಿಸಿದರು.

"ಬಲಗಡೆ ಚಕ್ರ ಹಿಡೀತದೆ, ಎಡಗಡೇದು ಉರುಳ್ತದೆ. ಹೀಗೆ ಜನರನ್ನ ಕೂರಿಸ್ಕೊಂಡು ಓಡಾಡೋ ಹಾಗಿಲ್ಲ ಕಣಯ್ಯ. ಮುಂದಿನ ಸಲ ನಾನು ಬರೋ ಹೊತ್ತಿಗೆ ಸರಿಯಾಗಿದ್ರೆ ಪರ್ಮಿಟ್. ಇಲ್ಲದಿದ್ರೆ ಕಾರು ಮನೇಲೇ ಇಟ್ಕೊ."

ಮನೆಯಲ್ಲಿಟ್ಟುಕೊಂಡರೆ ಹೊಟ್ಟೆಗೇನು? ಅಪ್ಪ ಬಹುಕಾಲ ಎತ್ತಿನ ಗಾಡಿ ಹೂಡಿದವರು. ನಿಲ್ದಾಣದಿಂದ ಗಣಿಯ ಕಡೆಗೆ ಸೌದೆ, ಮೂಟೆ ಸಾಗಿಸುತ್ತಿದ್ದರು. ಆ ಗಾಡಿಯನ್ನೂ ಎತ್ತಿನ ಜೋಡಿಯನ್ನೂ ಮಾರಿಯೇ ಈ ಕಾರು ಮನೆಗೆ ಬಂದದ್ದು. ಪರ್ಮಿಟ್ ತಪ್ಪಿದರೆ ಅಣ್ಣನ ಸಂಸಾರಕ್ಕೆ ಕಾರೂ ಇಲ್ಲ, ಗಾಡಿಯೂ ಇಲ್ಲ.

ನಾನು ಆಗ ನಂದಿದುರ್ಗ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಗಣಿಯ ಸೈರನ್ನಿಗೆ ನಮ್ಮ ಕಡೆ ಸಂಗು ಎನ್ನುತ್ತಿದ್ದರು. ಸಂಗು ಊದುವ ಮುಂಚೆ ಸ್ಪ್ಯಾನರು ಅದರದೇ ಮೊಳೆಗೆ ಹೋಗಿರಬೇಕು, ಬೆಂಚು ಒರೆಸಿರಬೇಕು, ಕೆಟ್ಟ ಯಂತ್ರದಲ್ಲಿ ಒಂದು ಸಲಕ್ಕೆ ಒಂದೇ ಭಾಗಕ್ಕೆ ಕೈ ಹಾಕಬೇಕು. ಈ ಶಿಸ್ತು ನನಗೆ ಒಗ್ಗಿತ್ತು. ಈಗಲೂ ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಗಣಿ ಕೆಲಸಗಾರರ ಲೈನುಮನೆಯಿಂದ ಸೈಕಲ್ ಹತ್ತಿ ಬಂಗಾರಪೇಟೆ ರಸ್ತೆಯ ನಮ್ಮ ಹಳ್ಳಿಗೆ ಹೋದೆ.

ಕಾರು ಅಣ್ಣನ ಕೈಗೆ ಬರುವಾಗಲೇ ಹಳೆಯದು. ಅದಕ್ಕೆ ಬ್ರೇಕ್ ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಕಾಲಿನಿಂದ ಒತ್ತಿದರೆ ಕಾರಿನ ಅಡಿಯಲ್ಲಿ ಒಂದು ಸಲಾಕೆ ಎಳೆಯುತ್ತದೆ. ಆ ಸಲಾಕೆ ಒಂದು ಅಡ್ಡಪಟ್ಟಿಯ ನಡುವಿಗೆ ಸೇರಿದೆ. ಪಟ್ಟಿಯ ಎರಡು ತುದಿಗಳಿಂದ ಒಂದೊಂದು ಸಲಾಕೆ ಒಂದೊಂದು ಚಕ್ರಕ್ಕೆ ಹೋಗುತ್ತದೆ. ಎಳೆತ ಎರಡಕ್ಕೂ ಸಮನಾಗಿ ಹಂಚಬೇಕು, ಅದಕ್ಕೇ ಆ ಪಟ್ಟಿ. ಅಪ್ಪ ಬಗ್ಗಿ ನೋಡಿ, "ನೊಗ ಇದ್ದಂಗೈತೆ," ಎಂದರು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಮೊದಲು ಸಲಾಕೆಗಳು. ಎರಡು ಚಕ್ರಗಳನ್ನೂ ಜಾಕಿನ ಮೇಲೆ ಎತ್ತಿ, ಅಣ್ಣನಿಂದ ಬ್ರೇಕ್ ಒತ್ತಿಸಿ, ಕೈಯಿಂದ ತಿರುಗಿಸಿ ನೋಡಿದೆ. ಬಲಗಡೆಯದು ಕದಲಲಿಲ್ಲ. ಎಡಗಡೆಯದು ಜಾರುತ್ತಾ ತಿರುಗಿತು. ಎಡ ಸಲಾಕೆಯ ನಟ್ಟನ್ನು ಸ್ವಲ್ಪ ಬಿಗಿ ಮಾಡಿ, ಮಣ್ಣು ದಾರಿಯಲ್ಲಿ ಓಡಿಸಿದೆವು. ಸ್ವಲ್ಪ ವಾಸಿ ಎನಿಸಿತು, ಅಷ್ಟೇ. ಅಣ್ಣ ಅಲ್ಲೇ ಇನ್ನಷ್ಟು ಬಿಗಿ ಮಾಡಿ, ಪಟ್ಟಿಯನ್ನೂ ಬಿಚ್ಚಿ, ಎಲ್ಲವನ್ನೂ ಒಟ್ಟಿಗೆ ಮುಗಿಸೋಣ ಎಂದ. ನಾನು ಬೇಡ ಎಂದೆ. ಎಲ್ಲವನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ.

"ನಿನ್ ಗಣೀಲಿ ಇಂಗೇ ಮಾಡುದ್ರೆ ಚಿನ್ನ ಮೇಲಕ್ಕೆ ಬರೋದ್ಯಾವಾಗ್ಲಾ?" ಎಂದ ಅಣ್ಣ.

"ನಿನ್ನಂಗೆ ಮಾಡುದ್ರೆ ಗಣೀನೇ ಕೆಳಕ್ ಓಯ್ತದೆ," ಎಂದೆ.

ಮರುವಾರ ಸಲಾಕೆಯನ್ನು ಮೊದಲಿನ ಅಳತೆಗೇ ತಂದು, ಅಡ್ಡಪಟ್ಟಿಯನ್ನು ಬಿಚ್ಚಿದೆ. ನಡುವಿನ ಪಿನ್ನು ತುಕ್ಕು ಹಿಡಿದು ಬಿಗಿದಿತ್ತು. ಅಪರಾಧಿ ಸಿಕ್ಕಿತೆಂದುಕೊಂಡು ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಸಡಿಲ ಮಾಡಿ ಕೂರಿಸಿದೆ. ಕಾರು ಬಲಕ್ಕೇ ಎಳೆಯಿತು.

ಆಮೇಲೆ ಎಡ ಚಕ್ರವನ್ನು ಕಳಚಿ, ಡ್ರಮ್ಮನ್ನು ಎಳೆದು ತೆಗೆದೆ. ಒಳಗೆ ಡ್ರಮ್ಮಿಗೆ ಒತ್ತಿಕೊಳ್ಳಬೇಕಾದ ಬ್ರೇಕ್ ಪಟ್ಟಿಗಳು ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿದ್ದವು. ಬಲಗಡೆಯದನ್ನೂ ತೆಗೆದು ನೋಡಿದೆ: ಒಣ ಧೂಳು. ಎಡ ಪಟ್ಟಿಗಳನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ತಿಕ್ಕಿ, ಬಿಸಿಲಿಗಿಟ್ಟು ಮತ್ತೆ ಹಾಕಿದೆ. ಕಾರು ನೂಲು ಹಿಡಿದಂತೆ ನೆಟ್ಟಗೆ ನಿಂತಿತು. ಅತ್ತಿಗೆ ಅಂದು ಪಾಯಸ ಮಾಡಿದರು.

ಪಾಯಸ ಅವಸರವಾಯಿತು. ಆ ವಾರ ಮುಗಿಯುವ ಮೊದಲೇ, ಪಾಳಿ ಬಿಡುವ ಹೊತ್ತಿಗೆ, ಅಣ್ಣ ಗಣಿಯ ಗೇಟಿನ ಹತ್ತಿರ ನಿಂತಿದ್ದ.

"ಮತ್ತೆ ಕುಡಿಯೋಕ್ ಸುರು ಮಾಡೈತೆ," ಎಂದ.

ಎಲ್ಲಿಂದಲೋ ಜಿಡ್ಡು ಬರುತ್ತಿದೆ ಎಂಬುದಂತೂ ಖಚಿತವಾಯಿತು. ಹಿಂದಿನ ಅಚ್ಚಿನ ನಡುವೆ ಇರುವ ಗೇರ್ ಪೆಟ್ಟಿಗೆಯಲ್ಲಿ ಎಣ್ಣೆ ಹೆಚ್ಚಾದರೆ ಅಚ್ಚಿನುದ್ದಕ್ಕೂ ಹರಿದು ಬರುವುದುಂಟು. ನೋಡಿದೆ, ಎಣ್ಣೆ ಇರಬೇಕಾದಷ್ಟೇ ಇತ್ತು. ಜಿಡ್ಡನ್ನು ತಡೆಯುವ ಉಣ್ಣೆಯ ಬಿಲ್ಲೆ ಸವೆದಿರಬಹುದು. ಗಣಿಯ ಬಂಗಲೆಯ ಸಾಹೇಬರೊಬ್ಬರು ಎಸೆದಿದ್ದ ಫೆಲ್ಟ್ ಹ್ಯಾಟಿನಿಂದ ಹೊಸ ಬಿಲ್ಲೆ ಕತ್ತರಿಸಿ ಹಾಕಿದೆ. ಪಟ್ಟಿಗಳನ್ನು ಮತ್ತೆ ತೊಳೆದೆ. ಕೆಲವು ದಿನ ಸರಿ. ಆಮೇಲೆ ಮತ್ತೆ ಹೆಂಡದಂಗಡಿಯ ಕಡೆಗೆ. ಎರಡು ಚಕ್ರಕ್ಕೂ ಒಂದೇ ವಯಸ್ಸು, ಒಂದೇ ರಸ್ತೆ, ಒಂದೇ ಭಾರ. ಒದ್ದೆಯಾಗುವುದು ಮಾತ್ರ ಎಡಗಡೆ.

ಇಷ್ಟರಲ್ಲಿ ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಉಳಿದದ್ದು ಒಂದೇ ಭಾನುವಾರ. ಅಂಗಳದಲ್ಲಿ ಗೋಣಿತಟ್ಟು ಹಾಸಿ, ಎಡ ಡ್ರಮ್ಮನ್ನು ಮತ್ತೆ ತೆಗೆದು, ಪಟ್ಟಿಗಳನ್ನು ಅದರ ಮೇಲಿಟ್ಟೆ. ಅಣ್ಣ ಬೀಡಿ ಸೇದುತ್ತಾ ಕೂತಿದ್ದ. ಅಪ್ಪ ಹಸುವಿಗೆ ನೀರು ತೋರಿಸಿ ಬಂದವರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಪಟ್ಟಿಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದರು.

"ಇದು ಗ್ರೀಸಲ್ಲ ಕಣ್ಲಾ."

"ಮತ್ತೇನಪ್ಪ?" ಎಂದೆ.

"ಕೀಲೆಣ್ಣೆ. ನಾನ್ ಕಾಯಿಸಿದ್ದು."

ಕೀಲೆಣ್ಣೆಯೆಂದರೆ ಗಾಡಿಯ ಅಚ್ಚಿಗೆ ಹಾಕುವ ಎಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕಾಯಿಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಅಡಿಯಲ್ಲಿ ತೂಗುಹಾಕಿರುತ್ತಿದ್ದರು. ಗಾಡಿ ಮಾರಿದ ದಿನ ಅಪ್ಪ ಗೊಟ್ಟವನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದರು. ಅದು ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿದ್ದುದನ್ನು ಕಂಡಿದ್ದೆ. ಅದು ಖಾಲಿಯೆಂದೇ ತಿಳಿದಿದ್ದೆ. ವಾಸನೆ ಹಿಡಿಯಲು ನಾನೂ ಪಟ್ಟಿಯನ್ನು ಮೂಸಿದ್ದುಂಟು, ಆದರೆ ನನ್ನ ಕೈಯಲ್ಲಿ ಸದಾ ಸೀಮೆಎಣ್ಣೆಯ ಬಟ್ಟೆ.

ಕಾರಿನ ಹಿಂದಿನ ಅಚ್ಚಿನ ಎರಡು ತುದಿಯಲ್ಲೂ ಗ್ರೀಸ್ ತುಂಬುವ ಪುಟ್ಟ ಹಿತ್ತಾಳೆಯ ಬಟ್ಟಲಿತ್ತು. ಅದಕ್ಕೆ ತಿರುಪಿನ ಮುಚ್ಚಳ. ಅಣ್ಣ ಆಗೊಮ್ಮೆ ಈಗೊಮ್ಮೆ ಗಟ್ಟಿ ಗ್ರೀಸ್ ತುಂಬಿ ಒಂದು ಸುತ್ತು ಬಿಗಿ ಮಾಡುತ್ತಿದ್ದ. ಅಷ್ಟು ಸಾಕು. ಅಪ್ಪ ಅದನ್ನು ನೋಡಿ, ಅಚ್ಚಿಗೆ ಎಣ್ಣೆ ಉಣಿಸುವ ಜಾಗ ಇದೇ ಎಂದು ತಿಳಿದುಕೊಂಡಿದ್ದರು. ತೆಳ್ಳಗಿನ ಕೀಲೆಣ್ಣೆ ಬಿಲ್ಲೆಯನ್ನು ದಾಟಿ ಡ್ರಮ್ಮಿಗೆ ಇಳಿಯುತ್ತಿತ್ತು.

"ದಿನಾ ಆಕ್ತಿದ್ಯಾ?" ಎಂದು ಅಣ್ಣ ಎದ್ದು ನಿಂತ.

"ಓಡೋ ಗಾಡಿ ಕೀಲ್ಗೆ ಬೆಳಿಗ್ಗೆ ಎಣ್ಣೆ ಕಾಣಿಸ್ದೆ ಯಾವ ಮೂದೇವಿ ಗಾಡಿ ಕಟ್ತಾನ್ಲಾ?"

"ಮತ್ತೆ ಬಲಗಡೆಗ್ಯಾಕೆ ಆಕ್ಲಿಲ್ಲ?" ಎಂದು ಕೇಳಿದೆ.

"ಇವ್ನು ಬಲಗಡೆ ಗೋಡೆಗೆ ಒತ್ತಿ ನಿಲ್ಲುಸ್ತಾನೆ. ನಾನೇನ್ ಇಲಿನಾ ಸಂದೀಲಿ ತೂರೋಕೆ?"

ಕೊಟ್ಟಿಗೆಯ ಕಡೆ ನೋಡಿದೆ. ನಿಜ. ಅರ್ಧ ಜಾಗದಲ್ಲಿ ಹಸು, ಅರ್ಧದಲ್ಲಿ ಕಾರು; ಬಲ ಚಕ್ರಕ್ಕೂ ಗೋಡೆಗೂ ನಡುವೆ ಕೈ ಹೋಗುವಷ್ಟೇ ಸಂದು.

"ನನ್ ಪರ್ಮಿಟ್ಟೇ ಓಗೋದಿತ್ತಲ್ಲಪ್ಪೋ! ಒಂದ್ ಮಾತು ಕೇಳ್ಬಾರ್ದಾಗಿತ್ತಾ?" ಅಣ್ಣನ ದನಿ ಬೀದಿಯವರೆಗೆ ಹೋಯಿತು.

ಅಪ್ಪ ಬೆರಳನ್ನು ಗೋಣಿತಟ್ಟಿಗೆ ನಿಧಾನವಾಗಿ ಒರೆಸಿಕೊಂಡರು. ಆಮೇಲೆ ಹೇಳಿದರು: "ಎತ್ತಾದ್ರೆ ಒಟ್ಟೆ ತುಂಬ್ದಾಗ ಮೊಕ ಆ ಕಡೆ ತಿರುಗುಸ್ತಿತ್ತು. ಇದ್ಕೆ ಅದೂ ತಿಳೀದು."

ಅಣ್ಣನಿಗೆ ಕೋಪ ಉಳಿಸಿಕೊಳ್ಳಲಾಗಲಿಲ್ಲ. ಬೀಡಿಯ ಹೊಗೆ ಗಂಟಲಿಗೆ ಸಿಕ್ಕಿ ಕೆಮ್ಮುತ್ತಾ ನಕ್ಕ. ನಾನು ಬಟ್ಟಲನ್ನು ಬಿಚ್ಚಿ ತೊಳೆದೆ, ಬೇರಿಂಗನ್ನು ತೊಳೆದೆ, ಬಿಲ್ಲೆಯನ್ನು ಬದಲಿಸಿದೆ, ಪಟ್ಟಿಗಳನ್ನು ತಿಕ್ಕಿ ಒಣಗಿಸಿದೆ. ಬಿಸಿಲು ಇಳಿಯುವ ಹೊತ್ತಿಗೆ ಕಾರು ಮಣ್ಣು ದಾರಿಯಲ್ಲಿ ನೆಟ್ಟಗೆ ನಿಲ್ಲುತ್ತಿತ್ತು.

ಪರೀಕ್ಷೆಯ ದಿನ ಅಪ್ಪ ತಾವೂ ಬರುವುದಾಗಿ ಹೇಳಿ ಮುಂದಿನ ಸೀಟಿನಲ್ಲಿ ಕೂತರು. ನಾನು ರಜೆ ಕೇಳಿ ಹೋಗಿದ್ದೆ. ಇನ್ಸ್‌ಪೆಕ್ಟರು ಕೈ ಬೀಸಿದರು, ಅಣ್ಣ ಒತ್ತಿದ, ಕಾರು ಹೋಗುತ್ತಿದ್ದ ದಿಕ್ಕಿನಲ್ಲೇ ನಿಂತಿತು. ಅವರು ಬೆತ್ತ ಹಿಡಿದು ಹಿಂದಕ್ಕೆ ನಡೆದು ನೋಡಿದರು. ಅಪ್ಪನೂ ಇಳಿದು ಅವರ ಹಿಂದೆಯೇ ಹೋದರು. ಮಣ್ಣಿನ ಮೇಲೆ ಎರಡು ಗೀರು, ಒಂದರಷ್ಟೇ ಉದ್ದ ಇನ್ನೊಂದು.

"ಜೋಡಿ ಕೂಡ್ಕೊಂಡೈತೆ ಸ್ವಾಮಿ," ಎಂದರು ಅಪ್ಪ.

ಇನ್ಸ್‌ಪೆಕ್ಟರು, "ಏನಾಗಿತ್ತಯ್ಯ?" ಎಂದು ಅಣ್ಣನನ್ನು ಕೇಳಿದರು.

"ಎಣ್ಣೆ ಜಾಸ್ತಿಯಾಗಿತ್ತು ಸ್ವಾಮಿ," ಎಂದ ಅಣ್ಣ. ಪರ್ಮಿಟ್ ಸಿಕ್ಕಿತು.

ಮುಂದಿನ ಭಾನುವಾರ ಹಸುವಿನ ಗೂಟವನ್ನು ಕಿತ್ತು ಕೊಟ್ಟಿಗೆಯ ಹೊರಗೆ ನೆಟ್ಟೆವು. ಕಾರು ನಡುವೆ ನಿಲ್ಲುವಂತಾಯಿತು. ಎರಡು ಪಕ್ಕದಲ್ಲೂ ಮನುಷ್ಯ ಓಡಾಡಬಹುದಿತ್ತು. ಬಟ್ಟಲುಗಳ ಕೆಲಸವನ್ನು ಅಪ್ಪನಿಗೇ ಬಿಟ್ಟೆವು. ಅದಕ್ಕೆ ನಾನು ಹಾಕಿದ ನಿಯಮ ಇಷ್ಟೇ: ಭಾನುವಾರ ಮಾತ್ರ, ಎರಡೂ ಕಡೆ, ಒಂದೊಂದೇ ಸುತ್ತು, ಡಬ್ಬಿಯ ಗ್ರೀಸೇ ಆಗಬೇಕು. ಅವರು ಅದನ್ನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಎಡಗಡೆ ಮುಗಿಸಿ, ಹಿಂದುಗಡೆಯಿಂದ ಸುತ್ತಿಕೊಂಡು ಬಲಗಡೆಗೆ ಹೋಗುವರು. ಹೋಗುವಾಗ ಪ್ರತಿ ಸಲವೂ ಆ ಗ್ರೀಸನ್ನು ಮೂಸಿ ನೋಡಿ, "ಇದ್ಕೆ ವಾಸ್ನೇನೇ ಇಲ್ವಲ್ಲಾ," ಎನ್ನುವರು.