ರಟ್ಟೆ ನೋವಿಗೆ ಹಂಡೆಯ ನೀರು

ತಲೆ ಬಾಚಿಕೊಳ್ಳಲು ಕೈ ಎತ್ತಿದೆ. ಕಿವಿಯವರೆಗೆ ಬಂದ ಕೈ ಅಲ್ಲಿಂದ ಮೇಲೆ ಹೋಗಲಿಲ್ಲ. ರಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಎಡಗೈಯಿಂದ ಬಲ ಮೊಣಕೈಯನ್ನು ದೂಡಿ ದೂಡಿ ಹೇಗೋ ಕೂದಲಿಗೆ ಒಂದು ಗಂಟು ಹಾಕಿದೆ. ಹೊರಗೆ ಮೆಟ್ಟಿಲು ಇಳಿಯುವಾಗ ಮೀನಖಂಡ ಹಿಡಿದುಕೊಂಡಿತು. ಗೋಡೆ ಹಿಡಿದು ಅಡ್ಡಡ್ಡ ಇಳಿದೆ.

ನರಸಿಂಹರಾಜಪುರದ ಒಂದು ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆ ಮಾಡುತ್ತೇನೆ. ದಿನವೂ ಅನ್ನದ ಪಾತ್ರೆ ಬಗ್ಗಿಸುವ, ಸಾಂಬಾರಿನ ಪಾತ್ರೆ ಎತ್ತಿ ಇಳಿಸುವ ಕೈ. ಒಂದು ಸಂಜೆ ಥ್ರೋಬಾಲ್ ಆಡಿದರೆ ಏನಾದೀತು ಎಂದುಕೊಂಡಿದ್ದೆ. ಭಾರ ಎತ್ತುವ ಕೈ ಬೇರೆ, ಚೆಂಡು ಎಸೆಯುವ ಕೈ ಬೇರೆ ಎಂಬುದು ಮಾರನೇ ದಿನ ತಿಳಿಯಿತು. ಆ ದಿನ ಸೌಟನ್ನೂ ಎಡಗೈಯಲ್ಲಿ ಹಿಡಿದೆ.

ನನ್ನ ಜೊತೆ ಅಡುಗೆ ಮಾಡುವವಳು ಬೇಳೆ ತೊಳೆಯುತ್ತಾ ನಕ್ಕಳು. "ಎಂತ ಮಾರಾಯ್ತಿ, ಒಂದೇ ದಿನಕ್ಕೆ ಮುದುಕಿ ಆದ್ಯಲ್ಲೇ."

"ಎರಡು ಮಳೆಗಾಲ ಆಯ್ತಲ್ಲೇ, ಬಾಲ್ ಮುಟ್ಟದೆ."

ಅವಳು ಬೇಳೆಗೆ ಮತ್ತೆ ನೀರು ಹಾಕಿದಳು. ಎರಡು ಮಳೆಗಾಲ ಎಂದರೆ ಏನೆಂದು ಅವಳಿಗೆ ಗೊತ್ತು. ನನ್ನ ತಂಗಿ ತೀರಿಕೊಂಡು ಅಷ್ಟು ಕಾಲವಾಗಿದೆ.

ತಂಗಿ ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಪೇಟೆಯಲ್ಲಿ ಅವಳದೊಂದು ಸಣ್ಣ ಟೈಲರಿಂಗ್ ಅಂಗಡಿ. ಹೊಟ್ಟೆನೋವೆಂದು ಶಿವಮೊಗ್ಗದ ಆಸ್ಪತ್ರೆಗೆ ಹೋದವಳು ಮಾತಾಡುವ ಸ್ಥಿತಿಯಲ್ಲಿ ವಾಪಸು ಬರಲಿಲ್ಲ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬರೆಯಲು ಕೂತರೆ ಆಸ್ಪತ್ರೆಯೇ ಕಣ್ಣ ಮುಂದೆ ಬಂದು ಅವಳು ಹಿಂದೆ ಸರಿಯುತ್ತಾಳೆ.

ಆಟದ ಬಗ್ಗೆ ಬರೆಯಬಲ್ಲೆ. ನಮ್ಮ ಕಡೆ ಮಳೆಗಾಲ ಪೂರ್ತಿ ಶಾಲೆಯ ಮೈದಾನದಲ್ಲಿ ಹಾವಸೆ ಕಟ್ಟಿ ಕಾಲು ಜಾರುತ್ತದೆ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಪಿ.ಟಿ. ಮೇಡಂ ನೆಟ್ ಕಟ್ಟಿಸುತ್ತಾರೆ. ಸಂಜೆ ಊರಿನ ಹೆಂಗಸರೆಲ್ಲ ಸೇರಿ ಆಡುತ್ತೇವೆ. ಆರೇಳು ಜನ ಸಿಕ್ಕರೆ ಸಾಕು. ಹಿಂದಿನ ಸಾಲಿನಲ್ಲಿ ಬಲಕ್ಕೆ ನಾನು, ನಡುವೆ ತಂಗಿ. ನಮ್ಮಿಬ್ಬರ ಮಧ್ಯೆ ಬಿದ್ದ ಚೆಂಡು ಅವಳದು. ಹಾಗೆಂದು ಯಾವತ್ತೂ ಮಾತಾಡಿಕೊಂಡದ್ದಲ್ಲ. ಚಿಕ್ಕವರಿದ್ದಾಗ ತಟ್ಟೆಯಲ್ಲಿ ಉಳಿದ ಕೊನೆಯ ಹೋಳಿಗೆ ಅವಳಿಗೇ ಹೋಗುತ್ತಿತ್ತಲ್ಲ, ಇದೂ ಹಾಗೆಯೇ ಬಂದ ಅಭ್ಯಾಸ. ಚೆಂಡು ಮಧ್ಯಕ್ಕೆ ಬಂದರೆ ನಾನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದೆ, ಅವಳು ಹಾರಿ ಹಿಡಿಯುತ್ತಿದ್ದಳು. ಬೇರೆಯವರು "ನಂದು, ನಂದು" ಎಂದು ಕೂಗಿ ಡಿಕ್ಕಿ ಹೊಡೆದುಕೊಳ್ಳುವಾಗ ನಾವಿಬ್ಬರು ಬಾಯಿ ಬಿಡದೆ ಆಡುತ್ತಿದ್ದೆವು.

ವರ್ಷದ ಮೊದಲ ಆಟದ ಮಾರನೇ ದಿನ ಇಬ್ಬರಿಗೂ ಮೈಕೈ ನೋವು. ಅದಕ್ಕೆ ನಮ್ಮದೇ ಒಂದು ಮದ್ದಿತ್ತು. ಬಚ್ಚಲೊಲೆಗೆ ಬೆಂಕಿ ಹಾಕಿ ಹಂಡೆಯ ನೀರು ಕಾಯಿಸುವುದು, ಒಬ್ಬಳು ಕೂರುವುದು, ಇನ್ನೊಬ್ಬಳು ಹಿಂದೆ ನಿಂತು ಚೊಂಬಿನಲ್ಲಿ ಹೊಯ್ಯುವುದು. ಸುಮ್ಮನೆ ಹೊಯ್ದರೆ ಆಗದು, ಕೈ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲಿಂದ, ಒಂದೇ ಜಾಗಕ್ಕೆ, ರಪ್ಪನೆ ಬೀಳಬೇಕು. ಎತ್ತರದಿಂದ ಬಿದ್ದ ನೀರಿಗೆ ಮಾತ್ರ ನೋವು ಬಿಡುತ್ತದೆ ಎಂಬುದು ತಂಗಿಯ ನಂಬಿಕೆ. ಅವಳ ರಟ್ಟೆಯೂ ನೋಯುತ್ತಿರುತ್ತಿತ್ತು. ಚೊಂಬು ಎತ್ತಿದಾಗಲೆಲ್ಲ ಅಯ್ಯೋ ಎನ್ನುತ್ತಿದ್ದಳು, ಬಿಸಿನೀರು ಬಿದ್ದಾಗಲೆಲ್ಲ ನಾನು ಅಯ್ಯೋ ಎನ್ನುತ್ತಿದ್ದೆ. "ಇಬ್ಬರನ್ನೂ ಯಾರೋ ಹೊಡೀತಿದ್ದಾರೆ ಅಂತ ಪಕ್ಕದ ಮನೆಯವರು ಬಂದಾರು" ಎಂದು ಹೊರಗಿನಿಂದ ನನ್ನ ಗಂಡ ಹೇಳುತ್ತಿದ್ದರು.

ಈ ಸಲ ನಾನಾಗಿ ಆಟಕ್ಕೆ ಹೋದದ್ದಲ್ಲ. ಕೊಪ್ಪದಲ್ಲಿ ಹೆಂಗಸರ ಪಂದ್ಯವಿತ್ತು, ಒಬ್ಬರು ಕಡಿಮೆ ಬಿದ್ದಿದ್ದರು. ಪಿ.ಟಿ. ಮೇಡಂ ಅಡುಗೆ ಕೋಣೆಯ ಬಾಗಿಲಿಗೇ ಬಂದು ಕೇಳಿದರು. ಇಲ್ಲವೆನ್ನಲು ಆಗಲಿಲ್ಲ. ಸಂಜೆ ಹೋಗಿ ನನ್ನ ಹಳೆಯ ಜಾಗದಲ್ಲಿ, ಹಿಂದಿನ ಸಾಲಿನ ಬಲಕ್ಕೆ ನಿಂತೆ. ಪಕ್ಕದಲ್ಲಿ, ನಡುವೆ, ಚಪ್ಪಲಿ ಅಂಗಡಿಯವರ ಸೊಸೆ ನಿಂತಿದ್ದಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಅವರ ಅಂಗಡಿ ತಂಗಿಯ ಅಂಗಡಿಯ ಎದುರಿಗೇ ಇದ್ದುದರಿಂದ ಮುಖ ಪರಿಚಯ. ಆಟಕ್ಕೆ ಬರುತ್ತಾಳೆಂದು ಗೊತ್ತಿರಲಿಲ್ಲ.

ಮೂರನೆಯದೋ ನಾಲ್ಕನೆಯದೋ ಚೆಂಡು ನಮ್ಮಿಬ್ಬರ ಮಧ್ಯಕ್ಕೇ ಬಂತು. ನಾನು ಅರ್ಧ ಹೆಜ್ಜೆ ಹಿಂದೆ ಸರಿದೆ. ದೊಡ್ಡವರು ತೆಗೆದುಕೊಳ್ಳಲಿ ಎಂದೋ ಏನೋ ಅವಳೂ ಕೈ ಚಾಚಲಿಲ್ಲ. ಚೆಂಡು ನಮ್ಮ ನಡುವೆ ಧೂಳೆಬ್ಬಿಸಿ ಬಿತ್ತು.

"ಕಣ್ಣು ಎಲ್ಲಿತ್ತೇ?" ಎಂದು ಮುಂದಿನ ಸಾಲಿನಿಂದ ಒಬ್ಬಳು ಕೂಗಿದಳು. "ಅದು ನಿನ್ನ ಕಾಲ ಬುಡದಲ್ಲೇ ಬಿತ್ತಲ್ಲೇ."

ಅಭ್ಯಾಸ ತಪ್ಪಿದೆ ಎಂದೆ. ನಾನು ಯಾರಿಗೆ ಜಾಗ ಬಿಟ್ಟೆ ಎಂದು ನನಗೆ ಗೊತ್ತಿತ್ತು.

ಮುಂದಿನ ಸಲ ಅಂಥದೇ ಚೆಂಡು ಬಂದಾಗ ಚಪ್ಪಲಿ ಅಂಗಡಿಯ ಸೊಸೆ ಕಾಯಲಿಲ್ಲ. ಹಾರಿ ಹಿಡಿದಳು. ಹಿಡಿದು, ಇಳಿಯುವ ಮೊದಲೇ ಸೊಂಟ ತಿರುಗಿಸಿ, ನೆಟ್‌ನ ಆಚೆ ಮೂಲೆಗೆ ಎಸೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಆ ಸೊಂಟ ತಿರುಗಿಸುವ ರೀತಿ ನನ್ನ ತಂಗಿಯದು. ಬೇರೆ ಯಾರೂ ಹಾಗೆ ಆಡುವುದನ್ನು ನಾನು ಕಂಡಿಲ್ಲ.

ಮಾರನೇ ದಿನದ ನೋವಿನ ಬಗ್ಗೆ ಮೊದಲೇ ಹೇಳಿದೆ. ಹೇಳದೆ ಬಿಟ್ಟದ್ದು ಒಂದಿದೆ. ಆ ನೋವು ನನಗೆ ಬೇಕಾಗಿತ್ತು. ತಂಗಿ ಹೋದ ಮೇಲೆ ನನ್ನ ಮೈಗೆ ಅವಳ ನೆನಪು ಬಂದದ್ದು ಅದೇ ಮೊದಲು. ಅಳುವುದು ಕಣ್ಣಿನ ಕೆಲಸವಾಗಿತ್ತು, ಈಗ ರಟ್ಟೆ, ಬೆನ್ನು, ತೊಡೆ ಎಲ್ಲವೂ ಅವಳನ್ನು ಕೇಳುತ್ತಿದ್ದವು. ಸಂಜೆ ಮೈದಾನದ ಹತ್ತಿರ ಹೋದರೆ ಎಲ್ಲರದೂ ಅದೇ ಮಾತು. ನನ್ನ ಜೊತೆಯ ಅಡುಗೆಯವಳೂ ಆಡಿದ್ದಳು, ಅವಳ ಕಾಲನ್ನು ಗಂಡ ಒತ್ತಿಕೊಟ್ಟನಂತೆ. ಚಪ್ಪಲಿ ಅಂಗಡಿಯ ಸೊಸೆಗೆ ಅತ್ತೆಯೇ ಎಣ್ಣೆ ಹಚ್ಚಿದರಂತೆ. ನೋವು ತಮ್ಮದೇ ಎಂಬ ಹಾಗೆ ಅವರೆಲ್ಲ ನಗುತ್ತಾ ಹೇಳಿಕೊಳ್ಳುತ್ತಿದ್ದರೆ ನನಗೆ ಸಹಿಸಲಾಗಲಿಲ್ಲ. ಇವರಿಗೆಲ್ಲ ಯಾರಾದರೊಬ್ಬರು ಎಣ್ಣೆ ಹಚ್ಚುವವರು ಇದ್ದಾರಲ್ಲ ಎಂದು ಒಂದು ಉರಿ. ನನ್ನ ಮನೆಯ ನೋವನ್ನು ಇವರು ಯಾಕೆ ಪಡಬೇಕು ಎಂದು ಇನ್ನೊಂದು. ಎರಡನೆಯದಕ್ಕೆ ಅರ್ಥವಿಲ್ಲ. ಆದರೂ ಅದೇ ಜಾಸ್ತಿ ಇತ್ತು.

ಮನೆಗೆ ಬಂದು ಹಂಡೆಗೆ ಬೆಂಕಿ ಹಾಕಿದೆ. ಚೊಂಬು ಎತ್ತಲು ಹೋದರೆ ಕೈ ಭುಜದ ಮೇಲೆ ಹೋಗಲೊಲ್ಲದು. ನೀರೆಲ್ಲ ಮೊಣಕೈಯಿಂದ ಇಳಿದು ಮಡಿಲಿಗೆ ಬಿತ್ತು. ಗಂಡ ಬಾಗಿಲಲ್ಲಿ ನಿಂತಿದ್ದರು.

"ನಾನು ಹೊಯ್ದು ಕೊಡ್ಲಾ?"

"ಕೊಡಿ. ಮೇಲಿಂದ ಹೊಯ್ಯಿರಿ."

ಅವರು ಹೊಯ್ದರು. ತುಳಸಿ ಗಿಡಕ್ಕೆ ನೀರು ಹಾಕುವ ಹಾಗೆ, ಬೆನ್ನಿಗೆ ತಾಗಿಸಿಯೇ, ಮೆಲ್ಲಗೆ. ಸುಡುತ್ತದಾ, ಸುಡುತ್ತದಾ ಎಂದು ಪ್ರತಿ ಚೊಂಬಿಗೂ ಕೇಳಿದರು. ಒಳ್ಳೆಯ ಮನುಷ್ಯ. ಸಾಕು ಎಂದೆ.

ಎರಡು ದಿನ ಕಳೆದು ಮತ್ತೆ ಆಟಕ್ಕೆ ಹೋದೆ. ಬಿಡುವಿನಲ್ಲಿ ಎಲ್ಲರೂ ಶಾಲೆಯ ಜಗಲಿಯಲ್ಲಿ ಕೂತು ನೀರು ಕುಡಿಯುತ್ತಿದ್ದೆವು. ಚಪ್ಪಲಿ ಅಂಗಡಿಯ ಸೊಸೆ ನನ್ನ ಪಕ್ಕ ಬಂದು ಕೂತಳು. ನಾನೇ ಕೇಳಿದೆ.

"ಥ್ರೋಬಾಲ್ ಎಲ್ಲಿ ಕಲಿತೆ? ಶಾಲೆಯಲ್ಲಾ?"

"ಇಲ್ಲಕ್ಕ. ನಿಮ್ಮ ತಂಗಿನೇ ಕಲ್ಸಿದ್ದು. ನಿಮಗೆ ಹೇಳಿರ್ಲಿಲ್ವಾ?"

ನನಗೆ ಹೇಳಿರಲಿಲ್ಲ.

"ಮಳೆಗಾಲದಲ್ಲಿ ಮಧ್ಯಾಹ್ನ ಗಿರಾಕಿ ಇರ್ತಿರ್ಲಿಲ್ಲ. ಟೈಲರ್ ಅಕ್ಕ ಕತ್ತರ್ಸಿದ ಬಟ್ಟೆ ಚೂರೆಲ್ಲ ಒಂದು ದಿಂಬಿನ ಕವರಿಗೆ ತುಂಬಿ ಹೊಲ್ದು ಬಾಲ್ ಮಾಡಿದ್ರು. ಅವ್ರ ಬಾಗ್ಲಲ್ಲಿ ಅವ್ರು, ನಮ್ಮ ಬಾಗ್ಲಲ್ಲಿ ನಾನು. ರಸ್ತೆ ಮೇಲಿಂದ ಎಸೀತಿದ್ವಿ. ಮಳೆಗೆ ಬಿದ್ರೆ ಬಾಲ್ ಒದ್ದೆಯಾಗಿ ಕಲ್ಲಿನ ಹಾಗೆ ಭಾರ ಆಗ್ತಿತ್ತು. ಅದಕ್ಕೇ ಬೀಳ್ಸಬಾರ್ದು. ಬೀಳ್ಸಿದ್ರೆ 'ಇನ್ನು ನಾಳೆ ತನಕ ಒಣಗಿಸ್ಬೇಕು, ಪೆದ್ದಿ' ಅಂತ ಬೈತಿದ್ರು."

ಅವಳು ನಕ್ಕಳು. ನನ್ನ ತಂಗಿ ಬೈಯುವ ದನಿಯನ್ನೇ ತೆಗೆದು ಹೇಳಿದ್ದಳು. ಆ ಮಧ್ಯಾಹ್ನಗಳಲ್ಲಿ ನಾನು ಇದೇ ಶಾಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಸಂಜೆ ತಂಗಿ ಮನೆಗೆ ಬಂದು ಅಂಗಡಿಯಲ್ಲಿ ಎಂತದೂ ಇಲ್ಲ, ಬರೀ ಮಳೆ ಎನ್ನುತ್ತಿದ್ದಳು. ಅದನ್ನು ನಂಬಿ ಅವಳ ಮೇಲೆ ಮರುಕಪಟ್ಟಿದ್ದೆ. ಈಗ ನೋಡಿದರೆ ಆ ಬರೀ ಮಳೆಯಲ್ಲಿ ಇಷ್ಟೊಂದು ಇತ್ತು.

"ಇನ್ನೊಂದು ಹೇಳಿದ್ರು," ಎಂದಳು. "'ನಮ್ಮಕ್ಕನ ಜೊತೆ ಆಡಿದ್ರೆ ನಡುವಿನ ಬಾಲ್ ನೀನೇ ತಗೋ. ಅವಳು ಬಿಡ್ತಾಳೆ' ಅಂತ. ಮೊನ್ನೆ ಮೊದಲ ಸಲ ಮರ್ತೇ ಹೋಯ್ತು ನಂಗೆ."

ನಾನು ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ. ಬಾಯಿ ಬಿಟ್ಟು ಒಂದು ದಿನವೂ ಆಡಿರದ ಮಾತು. ನಮ್ಮಿಬ್ಬರಿಗೇ ಗೊತ್ತು ಎಂದುಕೊಂಡಿದ್ದೆ. ಅದನ್ನು ತಂಗಿ ರಸ್ತೆಯ ಆಚೆ ಬಾಗಿಲಿಗೆ, ಬಟ್ಟೆಯ ಚೆಂಡಿನ ಜೊತೆ ಎಸೆದುಬಿಟ್ಟಿದ್ದಳು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಲು ಬರುವುದಿಲ್ಲ. ಹಾಗಾಗಿ ಅದೆಲ್ಲ ಇವಳ ಮೇಲೆ ತಿರುಗಿತು.

ಬಿಡುವಿನ ನಂತರ ಒಂದು ಚೆಂಡನ್ನೂ ಬಿಡುವುದಿಲ್ಲ ಎಂದುಕೊಂಡೇ ನಿಂತೆ. ಮಧ್ಯಕ್ಕೆ ಬಂದದ್ದಕ್ಕೆಲ್ಲ ನುಗ್ಗಿದೆ. ಒಂದಕ್ಕೆ ಅವಳೂ ಹಾರಿದಳು. ನನ್ನ ಭುಜ ಅವಳ ಗಲ್ಲಕ್ಕೆ ಬಡಿಯಿತು, ಇಬ್ಬರೂ ಬಿದ್ದೆವು. ಅವಳ ತುಟಿಯಲ್ಲಿ ರಕ್ತ ಕಂಡಿತು. ಪಿ.ಟಿ. ಮೇಡಂ ಸೀಟಿ ಊದಿದರು.

"ಇದೇನು ಕಬಡ್ಡಿಯಾ? ನೋಡ್ಕೊಂಡು ಆಡ್ರೇ."

ಚಪ್ಪಲಿ ಅಂಗಡಿಯ ಸೊಸೆ ವೇಲಿನ ತುದಿಯಿಂದ ತುಟಿ ಒತ್ತಿಕೊಂಡು, "ಅಕ್ಕ ಬಿಡ್ತಾರೆ ಅಂದ್ಕೊಂಡೆ" ಎಂದಳು. ದೂರುವ ದನಿಯಲ್ಲ, ಆಶ್ಚರ್ಯದ ದನಿ.

ಮನೆಗೆ ಬಂದ ಮೇಲೆ ತಂಗಿಯ ಅಂಗಡಿಯಿಂದ ತಂದಿಟ್ಟ ಸಾಮಾನನ್ನು ಅಟ್ಟದಿಂದ ಇಳಿಸಿ ಹುಡುಕಿದೆ. ಮಷೀನಿನ ಎಣ್ಣೆ ಡಬ್ಬಿ, ಕತ್ತರಿ, ಗುಂಡಿಗಳು ಸಿಕ್ಕವು. ಬಟ್ಟೆಯ ಚೆಂಡು ಸಿಗಲಿಲ್ಲ. ಅದು ರಸ್ತೆಯ ಆಚೆ ಇರಬೇಕು. ಕೇಳಲು ಮನಸ್ಸು ಬರಲಿಲ್ಲ.

ಆಡುತ್ತಾ ಆಡುತ್ತಾ ನೋವು ಕಡಿಮೆಯಾಯಿತು. ಮೆಟ್ಟಿಲನ್ನು ನೇರವಾಗಿ ಇಳಿದೆ. ಒಂದು ಬೆಳಿಗ್ಗೆ ಕೈ ತಲೆಯ ಹಿಂದಕ್ಕೆ ತಾನಾಗಿ ಹೋಗಿ ಜಡೆ ಹಾಕಿತು. ಹಾಕಿ ಮುಗಿದ ಮೇಲೆ ಗೊತ್ತಾಯಿತು. ಖುಷಿಯಾಗಬೇಕಿತ್ತು. ರಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದೆ, ಎಲ್ಲಾದರೂ ಉಳಿದಿದೆಯೇ ಎಂದು.

ಕೊಪ್ಪದ ಪಂದ್ಯಕ್ಕೆ ಟೆಂಪೋದಲ್ಲಿ ಹೋದೆವು. ನಮ್ಮ ಎದುರು ಶೃಂಗೇರಿಯ ತಂಡ ಬಂತು. ಕಿಗ್ಗದ ಕಡೆಯ ಉದ್ದನೆಯ ಹೆಂಗಸೊಬ್ಬಳು ಆ ತಂಡದಲ್ಲಿ ಮೊದಲಿನಿಂದಲೂ ಇದ್ದಾಳೆ. ಇಬ್ಬರ ನಡುವಿನ ಸಂದು ನೋಡಿಯೇ ಎಸೆಯುತ್ತಾಳೆ. ಕೊನೆಯ ಹೊತ್ತಿಗೆ ಎರಡೂ ಕಡೆ ಸಮ ಸಮ ಇತ್ತು. ಅವಳು ನನ್ನನ್ನೂ ಚಪ್ಪಲಿ ಅಂಗಡಿಯ ಸೊಸೆಯನ್ನೂ ಒಮ್ಮೆ ನೋಡಿದಳು. ಚೆಂಡು ಬಂತು, ಸರಿಯಾಗಿ ನಡುವಿಗೆ. ಪಕ್ಕದವಳು ನನ್ನ ಕಡೆ ನೋಡಿದ್ದು ಕಣ್ಣಂಚಿನಲ್ಲಿ ಕಂಡಿತು. ಅವಳ ತುಟಿಯ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ.

"ನಿಂದು," ಎಂದು ಕೂಗಿದೆ.

ತಂಗಿಯ ಜೊತೆ ಆಡಿದ ಅಷ್ಟು ವರ್ಷಗಳಲ್ಲಿ ಆ ಮಾತನ್ನು ಒಮ್ಮೆಯೂ ಕೂಗಬೇಕಾಗಿ ಬಂದಿರಲಿಲ್ಲ. ನಾನು ಅರ್ಧ ಹೆಜ್ಜೆ ಹಿಂದೆ ಸರಿದೆ. ಅವಳು ಹಾರಿ ಹಿಡಿದು, ಸೊಂಟ ತಿರುಗಿಸಿ ಎಸೆದಳು. ಆ ಪಾಯಿಂಟ್ ನಮಗೆ ಬಂತು. ಆಟ ಅವರಿಗೇ ಹೋಯಿತು. ಟೆಂಪೋದಲ್ಲಿ ವಾಪಸು ಬರುವಾಗ ಎಲ್ಲರೂ ಆ ಕಿಗ್ಗದವಳನ್ನು ಬೈದುಕೊಂಡು ಬಂದರು.

ಮಾರನೇ ದಿನ ಚಪ್ಪಲಿ ಅಂಗಡಿಯ ಸೊಸೆ ಶಾಲೆಯ ಅಡುಗೆ ಕೋಣೆಗೆ ಬಂದಳು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು.

"ಅಕ್ಕ, ಮೇಲಿನ ಶೆಲ್ಫಿಂದ ಒಂದು ಜೊತೆ ಚಪ್ಪಲಿ ತೆಗಿಯಕ್ಕೆ ಆಗ್ತಿಲ್ಲ. ಅತ್ತೆ ಎಣ್ಣೆ ಹಚ್ಚಿದ್ರೂ ಬಿಡ್ತಿಲ್ಲ. ನೀವು ಎಂತ ಮಾಡ್ತೀರಿ ಇದಕ್ಕೆ?"

ಅವಳ ಮುಖ ನೋಡಿದೆ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ತಂಗಿ ಇವಳಿಗೆ ಬಟ್ಟೆಯ ಚೆಂಡು ಕೊಟ್ಟಿದ್ದಳು, ಸೊಂಟ ತಿರುಗಿಸುವುದನ್ನು ಕೊಟ್ಟಿದ್ದಳು, ನಡುವಿನ ಜಾಗವನ್ನೂ ಕೊಟ್ಟಿದ್ದಳು. ಬಚ್ಚಲ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ.

"ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಹಚ್ಚು," ಎಂದೆ. "ಎರಡು ದಿನಕ್ಕೆ ಬಿಡ್ತದೆ."

"ಅಷ್ಟೇನಾ?"

"ಅಷ್ಟೇ."

ಅವಳಿಗೆ ಒಂದು ಲೋಟ ಸಾರು ಕೊಟ್ಟೆ. ಕುಡಿದು ಹೋದಳು.

ಸಂಜೆ ಹಂಡೆಗೆ ಬೆಂಕಿ ಹಾಕಿದೆ. ಬಾಗಿಲು ಹಾಕಿಕೊಂಡು ಕೂತು, ಚೊಂಬು ತುಂಬಿ, ಕೈಯನ್ನು ಹೋಗುವಷ್ಟು ಮೇಲೆ ಎತ್ತಿ ಬೆನ್ನಿಗೆ ಹೊಯ್ದುಕೊಂಡೆ. ಎಷ್ಟು ಎತ್ತಿದರೂ ನಮ್ಮ ಕೈಯಿಂದ ನಮ್ಮ ಬೆನ್ನಿಗೆ ಆ ಎತ್ತರ ಸಿಗುವುದಿಲ್ಲ. ಕಾಯಿಸಿದ ನೀರಷ್ಟೂ ಮುಗಿಯುವವರೆಗೆ ಹೊಯ್ದುಕೊಂಡೆ.